ಜನ ಮುಂದಿಟ್ಟವನು ಒಬ್ಬ, ಶಾಸಕರು ಆರಿಸಿದವನು ಇನ್ನೊಬ್ಬ!

"ಅಮೆರಿಕದಲ್ಲಿ ನೋಡಿ, ಗವರ್ನರನ್ನ ಜನರೇ ನೇರವಾಗಿ ಆರಿಸ್ತಾರೆ, ಶಾಸಕರ ಆಟ ಏನೂ ನಡೆಯಲ್ಲ" ಅಂತ ನಮ್ಮಲ್ಲಿ ಹೊಗಳೋರಿದ್ದಾರೆ. ಸ್ವಲ್ಪ ತಾಳಿ ಸ್ವಾಮಿ, ವರ್ಮಾಂಟ್ ಕಥೆ ಕೇಳಿ.

1789ನೇ ಇಸವಿ. ವರ್ಮಾಂಟ್ ಇನ್ನೂ ಒಕ್ಕೂಟ ಸೇರಿರಲಿಲ್ಲ, ಸೇರಿದ್ದು 1791ರಲ್ಲಿ. 1778ರಿಂದ ಗವರ್ನರ್ ಆಗಿದ್ದ ಥಾಮಸ್ ಚಿಟೆಂಡನ್‌ಗೆ ಆ ಸಲವೂ ಎಲ್ಲರಿಗಿಂತ ಹೆಚ್ಚು ಮತ ಬಿತ್ತು. ಆದರೆ ಒಟ್ಟು ಮತದ ಅರ್ಧ ದಾಟಲಿಲ್ಲ. ಯಾರೂ ಅರ್ಧ ದಾಟದಿದ್ದರೆ ಆಯ್ಕೆ ಶಾಸನಸಭೆಯದ್ದು ಅಂತ ಅಲ್ಲಿನ ನಿಯಮ. ಸಭೆ ಆರಿಸಿದ್ದು ಯಾರನ್ನ? ಹಿಂದೆ ಬಿದ್ದಿದ್ದ ಮೋಸೆಸ್ ರಾಬಿನ್ಸನ್‌ನನ್ನ!

ಚಿಟೆಂಡನ್ ಮೇಲೆ ಆರೋಪ ಇತ್ತು, ನಿಜ. ಶಾಸನಸಭೆಯ ಒಪ್ಪಿಗೆ ಇಲ್ಲದೇ ವುಡ್‌ಬ್ರಿಜ್ ಅನ್ನೋ ಜಾಗವನ್ನ ಐರಾ ಆಲೆನ್‌ಗೆ ಬರೆದುಕೊಟ್ಟಿದ್ದ. ತಪ್ಪೇ. ಆದರೆ ಅದಕ್ಕೆ ಶಿಕ್ಷೆ ಕೊಡಬೇಕಾದವರು ಮತದಾರರು. ಅವರು ಮುಂದಿನ ವರ್ಷ, 1790ರಲ್ಲಿ, ಅದೇ ಚಿಟೆಂಡನ್‌ನನ್ನ ವಾಪಸ್ ಕರೆತಂದರು!

"ಅರ್ಧಕ್ಕಿಂತ ಹೆಚ್ಚು ಜನ ಅವನಿಗೆ ಬೇಡ ಅಂದಿದ್ರಲ್ಲ?" ಅಂತ ನೀವು ಕೇಳಬಹುದು. ಒಪ್ಪಿದೆ. ಬಹುಮತ ಬೇಕು ಅನ್ನೋದು ಒಳ್ಳೇ ನಿಯಮವೇ. ಹಾಗಾದ್ರೆ ಮೊದಲ ಇಬ್ಬರನ್ನ ನಿಲ್ಲಿಸಿ ಜನರನ್ನೇ ಮತ್ತೊಮ್ಮೆ ಕೇಳಿ. ಜನ ಅರ್ಧ ಹೇಳಿದ ಮಾತನ್ನ ಶಾಸಕರು ಪೂರ್ತಿ ಮಾಡೋದು ಯಾವ ನ್ಯಾಯ?

ಶಾಸಕರಿಗಾದರೂ ಅದು ಸಲೀಸೇ? 1835ರಲ್ಲಿ ಅದೇ ವರ್ಮಾಂಟ್ ಸಭೆ 63 ಸಲ ಮತ ಹಾಕಿಯೂ ಯಾರನ್ನೂ ಆರಿಸಲಾಗದೆ ಕೈಚೆಲ್ಲಿತು. ಲೆಫ್ಟಿನೆಂಟ್ ಗವರ್ನರ್ ಸೈಲಸ್ ಜೆನಿಸನ್ ಕೆಲಸ ನೋಡಿಕೊಂಡ.

ಹಳೇ ಕಥೆ ಬಿಡಿ ಅಂತೀರಾ? 1966ರಲ್ಲಿ ಜಾರ್ಜಿಯಾದಲ್ಲಿ ಹೆಚ್ಚು ಮತ ಪಡೆದವನು ರಿಪಬ್ಲಿಕನ್ ಕ್ಯಾಲವೇ. ಡೆಮಾಕ್ರಾಟರೇ ತುಂಬಿದ್ದ ಸಭೆ 1967ರ ಜನವರಿಯಲ್ಲಿ 182-66 ಮತಗಳಿಂದ ಕೂರಿಸಿದ್ದು ಲೆಸ್ಟರ್ ಮ್ಯಾಡಕ್ಸ್‌ನನ್ನ. ತನ್ನ ಹೋಟೆಲ್ಲಿಗೆ ಕರಿಯರನ್ನ ಬಿಟ್ಟುಕೊಳ್ಳದೇ ಹೆಸರಾದವನು! ಸುಪ್ರೀಂ ಕೋರ್ಟ್ ಕೂಡ 5-4ರಲ್ಲಿ 'ಸರಿ' ಅಂದಿತ್ತು. ಕಾನೂನು ಪ್ರಕಾರ ಸರಿ ಇರಬಹುದು, ಜನರ ಲೆಕ್ಕದಲ್ಲಿ?

ವರ್ಮಾಂಟ್‌ನಲ್ಲಿ ಈ ನಿಯಮ ಇನ್ನೂ ಇದೆ. 2014ರ ಚುನಾವಣೆಯಲ್ಲೂ ಯಾರೂ ಅರ್ಧ ದಾಟಲಿಲ್ಲ. 2015ರ ಜನವರಿಯಲ್ಲಿ ಸಭೆ 110-69ರಿಂದ ಪೀಟರ್ ಶಮ್ಲಿನ್‌ನನ್ನ ಆರಿಸಿತು. ಹೆಚ್ಚು ಮತ ಪಡೆದವನೇ ಗೆದ್ದ, ಸಂತೋಷ. ಆದರೆ ಮತದಾನ ಗುಟ್ಟಿನದು! ನಿಮ್ಮೂರಿನ ಶಾಸಕ ಯಾರಿಗೆ ಹಾಕಿದ ಅನ್ನೋದು ನಿಮಗೇ ಗೊತ್ತಾಗಲ್ಲ.

ಮತದಾರನಿಗೆ ಗುಟ್ಟು ರಕ್ಷಣೆ. ಪ್ರತಿನಿಧಿಗೆ ಅದು ಅಡಗುತಾಣ. ಏನಂತೀರಿ?