21 ದಿನದ ಠೇವಣಿ

ಮಕ್ಕಳೇ, ಕೆಂಗೇರಿಯ ನಮ್ಮ ಹಿತ್ತಲಲ್ಲಿ ಮೂರು ಗಿರಿರಾಜ ಕೋಳಿ, ಒಂದು ಹುಂಜ ಇವೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ತಳಿ. ಮೊಟ್ಟೆ ಚೆನ್ನಾಗಿ ಇಡುತ್ತವೆ. ಕಾವಿಗೆ ಮಾತ್ರ ನಾಟಿ ಕೋಳಿಯನ್ನೇ ನೆಚ್ಚಬೇಕು.

ಹೋದ ಸಲ ಕೆಡಿಸಿದವನು ನಾನೇ. ಕೊಳಕೆಂದು ಮೊಟ್ಟೆಗಳನ್ನು ನಲ್ಲಿಯಡಿ ತೊಳೆದಿಟ್ಟೆ. 21ನೆಯ ದಿನ ಮೊಮ್ಮಗಳು ಶಾಲೆಗೂ ಹೋಗದೆ ಬುಟ್ಟಿಯೆದುರು ಕೂತಳು. ಹನ್ನೊಂದರಲ್ಲಿ ಒಡೆದದ್ದು ಎರಡೇ. ಚಿಪ್ಪಿನ ಮೇಲಿನ ತೆಳುಪೊರೆ ತೊಳೆದುಹೋದರೆ ರೋಗಾಣು ಸಲೀಸಾಗಿ ಒಳಗೆ ನುಗ್ಗುತ್ತದೆ. ಅವಳು ಅಳಲಿಲ್ಲ, ನನ್ನೊಡನೆ ಮಾತೂ ಆಡಲಿಲ್ಲ.

ಈ ಸಲ ರಾಗಿ, ನುಚ್ಚು ಜೋಳದ ಜೊತೆ ಕಪ್ಪೆಚಿಪ್ಪಿನ ಪುಡಿಯನ್ನೂ ಹಾಕಿದೆವು. ಮೊಟ್ಟೆಚಿಪ್ಪಿಗೆ ಸುಣ್ಣ ಬೇಕಲ್ಲ! ವಾರದೊಳಗಿನ ಶುಚಿಯಾದ ಮೊಟ್ಟೆಗಳನ್ನಷ್ಟೇ ಆರಿಸಿ, ಕಾವಿಗಿಡುವವರೆಗೂ ಚೂಪು ತುದಿ ಕೆಳಗಿರಿಸಿದೆವು. ಬ್ಯಾಂಕಿನ ಠೇವಣಿಯನ್ನು ಅವಧಿಗೆ ಮುಂಚೆ ಮುರಿಯಬಹುದು, ಇದನ್ನಲ್ಲ.

ಇವತ್ತಿಗೆ 18 ದಿನ. ಬುಟ್ಟಿಯ ಹತ್ತಿರ ನನಗಿನ್ನೂ ಪ್ರವೇಶವಿಲ್ಲ.