ಸೂಜಿಗೆ ಮೊದಲು ಮಾತು

ಬಸುರಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಅತ್ತಿಬೆಲೆ, ಚಂದಾಪುರ, ಹೊಸೂರಿನ ನರ್ಸಿಂಗ್ ಹೋಮ್‌ಗಳಲ್ಲಿ ಡಾಕ್ಟರು ಚೀಟಿಯ ಮೇಲೆ ಎರಡು ಹೆಸರು ಬರೆಯುತ್ತಾರೆ: ಎನ್‌ಟಿ ಸ್ಕ್ಯಾನ್, ಡಬಲ್ ಮಾರ್ಕರ್. ಸ್ಕ್ಯಾನ್ ಆಗುತ್ತದೆ, ರಕ್ತ ತೆಗೆಯುತ್ತಾರೆ, ಕೆಲವು ದಿನಗಳಲ್ಲಿ ಲ್ಯಾಬಿನ ಹಾಳೆ ಕೈಗೆ ಬರುತ್ತದೆ. ಬಹುಪಾಲು ಹೆಂಗಸರ ಹಾಳೆಯಲ್ಲಿ ‘ಲೋ ರಿಸ್ಕ್’ ಎಂದಿರುತ್ತದೆ. ಅದನ್ನು ತಾಯಿ ಕಾರ್ಡಿನೊಳಗೆ ಮಡಿಸಿಟ್ಟು ಮರೆಯುತ್ತಾರೆ. ಕೆಲವರದರಲ್ಲಿ ಮಾತ್ರ ‘ಹೈ ರಿಸ್ಕ್, 1:180’ ಎಂದಿರುತ್ತದೆ. ಅಂದಿನಿಂದ ಆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. “ಇನ್ನೊಂದು ಟೆಸ್ಟ್ ಇದೆ, ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದು ನೋಡಬೇಕು. ಮಾಡಿಸ್ತೀರೋ ಬಿಡ್ತೀರೋ ಬೇಗ ಹೇಳಿ” ಎನ್ನುವ ಡಾಕ್ಟರ ಒಂದು ಮಾತು ಬಿಟ್ಟರೆ ಬಸುರಿಯ ಕೈಯಲ್ಲಿ ಬೇರೇನೂ ಇರುವುದಿಲ್ಲ.

ಮಾಡಿಸಬೇಕೋ ಬೇಡವೋ ಎಂದು ಹೇಳಬೇಕಾದವಳು ಬಸುರಿ ಒಬ್ಬಳೇ. ಅತ್ತೆಯಲ್ಲ, ಗಂಡನಲ್ಲ, ಡಾಕ್ಟರೂ ಅಲ್ಲ. ಆದರೆ ಅವಳು ಯೋಚಿಸಿ ಹೇಳುವಷ್ಟು ತಿಳಿವಳಿಕೆಯನ್ನೂ ಸಮಯವನ್ನೂ ನಮ್ಮ ವ್ಯವಸ್ಥೆ ಅವಳಿಗೆ ಕೊಡುತ್ತಿಲ್ಲ. ಯಂತ್ರಗಳು ಬಂದಿವೆ, ಲ್ಯಾಬ್‌ಗಳು ಬಂದಿವೆ. ಎದುರು ಕೂತು ಮಾತಾಡುವ ಮನುಷ್ಯರು ಇನ್ನೂ ಬಂದಿಲ್ಲ.

ಮೊದಲು ಆ ಹಾಳೆಯನ್ನೇ ಓದೋಣ. 1:180 ಎಂದರೆ ಇಂಥದೇ ಹಾಳೆ ಹಿಡಿದ 180 ಹೆಂಗಸರಲ್ಲಿ ಒಬ್ಬಳ ಮಗುವಿಗೆ ಡೌನ್ ಸಿಂಡ್ರೋಮ್ (ವರ್ಣತಂತು ಒಂದು ಹೆಚ್ಚಿರುವ ಸ್ಥಿತಿ) ಇರಬಹುದು, ಉಳಿದ 179 ಮಕ್ಕಳಿಗೆ ಇರುವುದಿಲ್ಲ. ಸಾಮಾನ್ಯವಾಗಿ 1:250ಕ್ಕಿಂತ ಹೆಚ್ಚಿನ ಸಾಧ್ಯತೆ ಕಂಡರೆ ಲ್ಯಾಬ್‌ಗಳು ‘ಹೈ ರಿಸ್ಕ್’ ಎಂದು ಬರೆಯುತ್ತವೆ. ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ಸೇರಿ ಡೌನ್ ಸಿಂಡ್ರೋಮ್ ಇರುವ ನೂರು ಮಕ್ಕಳಲ್ಲಿ 85ರಿಂದ 90ರಷ್ಟನ್ನು ಗುರುತಿಸುತ್ತವೆ. ಹಾಗೆಯೇ, ಮಗು ಚೆನ್ನಾಗಿಯೇ ಇರುವ ನೂರು ತಾಯಂದಿರಲ್ಲಿ ಸುಮಾರು ಐವರಿಗೆ ಸುಮ್ಮನೆ ಗಾಬರಿಯನ್ನೂ ಹುಟ್ಟಿಸುತ್ತವೆ. ಇವು ಜರಡಿ ಹಿಡಿಯುವ ಪರೀಕ್ಷೆಗಳು. ಅನುಮಾನ ಇರುವವರನ್ನು ಬೇರೆ ಮಾಡುವುದಷ್ಟೇ ಇವುಗಳ ಕೆಲಸ, ಕಾಯಿಲೆ ಇದೆ ಎಂದು ತೀರ್ಪು ಕೊಡುವುದಲ್ಲ.

ಈಚೆಗೆ ಎನ್‌ಐಪಿಟಿ ಬಂದಿದೆ. ಹತ್ತು ವಾರ ಕಳೆದ ಮೇಲೆ ತಾಯಿಯ ರಕ್ತದಲ್ಲಿ ಓಡಾಡುವ, ಮಾಸಿನಿಂದ ಬಂದ ಡಿಎನ್‌ಎ ತುಣುಕುಗಳನ್ನು ಓದುವ ಪರೀಕ್ಷೆ ಅದು. ಡೌನ್ ಸಿಂಡ್ರೋಮನ್ನು ನೂರಕ್ಕೆ 99ರಷ್ಟು ಹಿಡಿಯುತ್ತದೆ ಎಂಬ ಮಾತು ನಿಜ. ಆದರೆ ಆ 99ನ್ನು ಕೇಳಿ, ಪಾಸಿಟಿವ್ ಬಂದರೆ 99ರಷ್ಟು ಖಚಿತ ಎಂದುಕೊಳ್ಳುವುದು ತಪ್ಪು. ಇಪ್ಪತ್ತೈದರ ಆಸುಪಾಸಿನ 10,000 ಬಸುರಿಯರನ್ನು ತೆಗೆದುಕೊಳ್ಳಿ. ಅವರಲ್ಲಿ ಎಂಟು ಹತ್ತು ಮಕ್ಕಳಿಗೆ ಡೌನ್ ಸಿಂಡ್ರೋಮ್ ಇರುತ್ತದೆ. ಸಾವಿರಕ್ಕೆ ಒಂದರಂತೆ ತಪ್ಪು ಪಾಸಿಟಿವ್ ಬಂದರೂ ಹತ್ತು ಮಂದಿಗೆ ಬಂತು. ಅಂದರೆ ಈ ವಯಸ್ಸಿನಲ್ಲಿ ಪಾಸಿಟಿವ್ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಮಗುವಿಗೆ ಆ ತೊಂದರೆ ಇರುವುದೇ ಇಲ್ಲ. ಗಾರ್ಮೆಂಟ್ಸ್‌ನಲ್ಲಿ ದುಡಿಯುವವಳ ಒಂದು ತಿಂಗಳ ಸಂಬಳದಷ್ಟು ದುಡ್ಡು ತೆತ್ತು ಮಾಡಿಸಿದ ಟೆಸ್ಟನ್ನು ನಂಬಿ, ಸೂಜಿ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಗರ್ಭಪಾತಕ್ಕೆ ಹೊರಡುವುದು ಎಷ್ಟು ದೊಡ್ಡ ಅನಾಹುತ ಎಂಬುದು ಈ ಲೆಕ್ಕದಲ್ಲೇ ಇದೆ.

ಖಚಿತವಾಗಿ ಹೇಳುವ ಪರೀಕ್ಷೆಗಳು ಎರಡು. 11ರಿಂದ 13 ವಾರದೊಳಗೆ ಮಾಸಿನ ಚೂರೊಂದನ್ನು ತೆಗೆದು ನೋಡುವ ಸಿವಿಎಸ್ ಒಂದು. 15 ವಾರ ಕಳೆದ ಮೇಲೆ ಸ್ಕ್ಯಾನಿನಲ್ಲಿ ನೋಡಿಕೊಳ್ಳುತ್ತ, ತೆಳು ಸೂಜಿಯಿಂದ ಮಗುವಿನ ಸುತ್ತಲ ನೀರನ್ನು ಹದಿನೈದಿಪ್ಪತ್ತು ಎಂಎಲ್‌ನಷ್ಟು ತೆಗೆಯುವ ಆಮ್ನಿಯೋಸೆಂಟೆಸಿಸ್ ಇನ್ನೊಂದು. ಪಳಗಿದ ಕೈಯಲ್ಲಿ ಈ ಸೂಜಿಯಿಂದಾಗಿ ಗರ್ಭ ಇಳಿದುಹೋಗುವ ಸಂಭವ ಇನ್ನೂರಕ್ಕೆ ಒಂದಕ್ಕಿಂತ ಕಡಿಮೆ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ವರ್ಷಗಟ್ಟಲೆ ಕಾದು ಬಸುರಾದವಳಿಗೆ ಆ ಇನ್ನೂರರಲ್ಲಿ ಒಂದು ಬಹಳ ದೊಡ್ಡದಾಗಿ ಕಾಣಬಹುದು. ಮೊದಲ ಮಗುವನ್ನು ಕಾಯಿಲೆಯಿಂದ ಕಳೆದುಕೊಂಡವಳಿಗೆ ಅದು ಲೆಕ್ಕಕ್ಕೇ ಬಾರದಿರಬಹುದು. ಎರಡೂ ಸರಿ. ಇದನ್ನು ಪಟ್ಟಿ ನೋಡಿ ತೀರ್ಮಾನಿಸಲು ಬರುವುದಿಲ್ಲ, ಹೊಟ್ಟೆಯಲ್ಲಿ ಹೊತ್ತವಳೇ ತೂಗಿ ನೋಡಬೇಕು.

ತೂಗಿ ನೋಡುವ ಈ ಹಕ್ಕನ್ನು ಕಾನೂನೇ ಅವಳಿಗೆ ಕೊಟ್ಟಿದೆ. 1994ರ ಪಿಸಿ–ಪಿಎನ್‌ಡಿಟಿ ಕಾಯ್ದೆಯನ್ನು ನಾವು ಗಂಡೋ ಹೆಣ್ಣೋ ಎಂದು ಹೇಳುವುದನ್ನು ತಡೆಯುವ ಕಾನೂನು ಎಂದಷ್ಟೇ ಬಲ್ಲೆವು. ಅದರ 5ನೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ. ಇಂಥ ಪರೀಕ್ಷೆಗೆ ಮುಂಚೆ ಅದರಿಂದ ಆಗಬಹುದಾದ ಎಲ್ಲ ತೊಂದರೆಗಳನ್ನೂ ಬಸುರಿಗೆ ವಿವರಿಸಬೇಕು, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕು, ಅದರ ಪ್ರತಿಯನ್ನು ಅವಳ ಕೈಗೆ ಕೊಡಬೇಕು. ಅತ್ತಿಬೆಲೆಯಂಥ ಊರಿನಲ್ಲಿ ಈ ಮಾತಿಗೆ ಬಹಳ ತೂಕವಿದೆ. ಇಲ್ಲಿನ ಹಳೆಯ ಮನೆಗಳಲ್ಲೇ ಕನ್ನಡ, ತೆಲುಗು, ತಮಿಳು ಬೆರೆತಿವೆ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕಾರ್ಖಾನೆಗಳನ್ನು ನಂಬಿ ಬಂದ ಒಡಿಶಾ, ಬಿಹಾರ, ಬಂಗಾಳ, ಅಸ್ಸಾಮಿನ ಹೆಣ್ಣುಮಕ್ಕಳು ಸಾಲುಮನೆಗಳಲ್ಲಿದ್ದಾರೆ. ಇಂಗ್ಲಿಷ್ ಹಾಳೆಯ ಕೆಳಗೆ ಬೆರಳು ತೋರಿಸಿ “ಇಲ್ಲಿ ಸೈನ್ ಹಾಕಮ್ಮ” ಎಂದರೆ ಅದು ಒಪ್ಪಿಗೆಯಾಗುವುದಿಲ್ಲ. ಕೌಂಟರಿನಲ್ಲಿ ಕೂತವರ ರಗಳೆ ತೀರಿತು, ಅಷ್ಟೆ.

ಈ ಸೂಜಿ ನಮ್ಮ ದೇಶಕ್ಕೆ ಬಂದ ಬಗೆಯಲ್ಲೇ ಒಂದು ಕಳಂಕವಿದೆ. 1970ರ ದಶಕದಲ್ಲಿ ಆಮ್ನಿಯೋಸೆಂಟೆಸಿಸ್ ಇಲ್ಲಿಗೆ ಕಾಲಿಟ್ಟಿದ್ದು ಮಗುವಿನ ಕಾಯಿಲೆ ಪತ್ತೆಮಾಡುವ ಹೆಸರಿನಲ್ಲಿ. ಬಹುಬೇಗ ಅದು ಹೆಣ್ಣು ಭ್ರೂಣವನ್ನು ಪತ್ತೆಮಾಡಿ ತೆಗೆಸುವ ದಂಧೆಯಾಯಿತು. ಮಹಾರಾಷ್ಟ್ರ 1988ರಲ್ಲಿ ಮೊದಲು ಕಾನೂನು ಮಾಡಿತು, 1994ರಲ್ಲಿ ದೇಶಕ್ಕೆಲ್ಲ ಕಾನೂನು ಬಂತು. ಅಷ್ಟಾದರೂ 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರು ಪೊಲೀಸರು ಬಯಲಿಗೆಳೆಯಬೇಕಾಯಿತು. ಹಾಗಾಗಿ ಕಾನೂನು ಬಿಗಿಯಾಗಿರಬೇಕು, ಇನ್ನೂ ಬಿಗಿಯಾಗಬೇಕು. ಆದರೆ ಕಾಯಿಲೆಯ ಪರೀಕ್ಷೆಗೆ ಆ ಕಾನೂನಿನಲ್ಲಿ ಜಾಗವಿದೆ ಎಂಬುದು ಜನಕ್ಕೆ ಗೊತ್ತಿರಬೇಕು. ತಾಯಿಗೆ 35 ದಾಟಿದ್ದರೆ, ಎರಡು ಸಲವೋ ಹೆಚ್ಚೋ ಗರ್ಭ ಇಳಿದಿದ್ದರೆ, ಹಾನಿಕಾರಕ ಔಷಧ, ರಾಸಾಯನಿಕ, ವಿಕಿರಣಕ್ಕೆ ಒಡ್ಡಿಕೊಂಡಿದ್ದರೆ, ಸೋಂಕು ತಗುಲಿದ್ದರೆ, ಮನೆತನದಲ್ಲಿ ಆನುವಂಶಿಕ ಕಾಯಿಲೆ ಇದ್ದರೆ ಪರೀಕ್ಷೆ ಮಾಡಬಹುದು ಎಂದು ಕಾಯ್ದೆಯೇ ಹೇಳುತ್ತದೆ. ಹೆದರಿ ಬಾಯಿ ಮುಚ್ಚಿಕೊಳ್ಳಬೇಕಾದವರು ಗಂಡುಮಗುವಿಗಾಗಿ ಸ್ಕ್ಯಾನ್ ಮಾಡಿಸುವವರು. ಮಗುವಿನ ಆರೋಗ್ಯ ಕೇಳುವ ತಾಯಿ ಹೆದರಬೇಕಿಲ್ಲ.

ನಮ್ಮ ಸೀಮೆಗೆ ವಿಶೇಷವಾಗಿ ಸಲ್ಲುವ ವಿಷಯ ಇನ್ನೊಂದಿದೆ, ಸಂಬಂಧದೊಳಗಿನ ಮದುವೆ. ಅಕ್ಕನ ಮಗಳು, ಸೋದರಮಾವನ ಮಗ, ಸೋದರತ್ತೆಯ ಮಗಳು ಎಂಬ ಹಕ್ಕಿನ ಮದುವೆಗಳು ನಮ್ಮಲ್ಲಿ ಹಿಂದಿನಿಂದ ನಡೆದುಬಂದಿವೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನಲ್ಲಿ ನವಜಾತ ಶಿಶುಗಳ ತಪಾಸಣೆಯ ಜೊತೆಗೆ ನಡೆದ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳ ಅಧ್ಯಯನದಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗಿನದಾಗಿತ್ತು. ಇಂಥ ಮದುವೆಯಿಂದ ಹುಟ್ಟುವ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ, ಯಾರೂ ಅಪರಾಧಿಗಳಂತೆ ತಲೆತಗ್ಗಿಸಬೇಕಿಲ್ಲ. ಆದರೆ ಒಂದೇ ದೋಷದ ವಂಶವಾಹಿಯನ್ನು ಅಪ್ಪ ಅಮ್ಮ ಇಬ್ಬರೂ ಹೊತ್ತಿರುವ ಸಂಭವ ಹೆಚ್ಚು. ಹಾಗಿದ್ದಾಗ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಆ ಕಾಯಿಲೆ ಮಗುವಿಗೆ ಬರಬಹುದು.

ಈ ಕಾಯಿಲೆಗಳು ಡಬಲ್ ಮಾರ್ಕರ್‌ನಲ್ಲಿ ಕಾಣುವುದಿಲ್ಲ, ಸಾಮಾನ್ಯ ಎನ್‌ಐಪಿಟಿಯಲ್ಲೂ ಕಾಣುವುದಿಲ್ಲ. ಸೂಜಿ ಪರೀಕ್ಷೆ ಮಾಡಿಸಿದರೂ ಏನನ್ನು ಹುಡುಕಬೇಕು ಎಂದು ಮೊದಲೇ ತಿಳಿದಿದ್ದರೆ ಮಾತ್ರ ಸಿಗುತ್ತವೆ. ಮೊದಲ ಮಗುವಿಗೆ ಏನಾಗಿತ್ತು ಎಂದು ಹೆಸರಿಡದೆ “ಫಿಟ್ಸ್ ಬಂದು ಹೋಯಿತು”, “ಬೆಳವಣಿಗೆ ಇರಲಿಲ್ಲ” ಎಂದು ಬಿಟ್ಟುಬಿಟ್ಟರೆ, ಎರಡನೆಯ ಬಸಿರಿನಲ್ಲಿ ಎಷ್ಟು ದುಡ್ಡು ಸುರಿದರೂ ಉತ್ತರ ಸಿಗುವುದು ಕಷ್ಟ. ಆದ್ದರಿಂದ ಮಗು ಕಾಯಿಲೆ ಬಿದ್ದಾಗಲೇ ಅದರ ಕಾರಣ ಪತ್ತೆಮಾಡಿಸಬೇಕು, ಕಾಗದಪತ್ರ ಜೋಪಾನ ಮಾಡಬೇಕು, ಮುಂದಿನ ಬಸಿರಿಗೆ ಮೊದಲೇ ತಜ್ಞರನ್ನು ಕಾಣಬೇಕು. ಆ ತಜ್ಞರು ದೂರದಲ್ಲೇನೂ ಇಲ್ಲ. ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇರುವುದು ಅತ್ತಿಬೆಲೆಯಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ, ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಅಪರೂಪದ ಕಾಯಿಲೆಗಳಿಗಾಗಿ ಕೇಂದ್ರ ಸರ್ಕಾರ ಗುರುತಿಸಿದ ಉತ್ಕೃಷ್ಟತಾ ಕೇಂದ್ರದ ಕೆಲಸದಲ್ಲಿ ಅದು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ಜೊತೆ ನಿಂತಿದೆ. ಊರಿನ ಪಕ್ಕದಲ್ಲೇ ಇಂಥ ವಿದ್ಯೆ ಇದ್ದೂ ಊರಿನ ಬಸುರಿಗೆ ಅದರ ಹೆಸರೇ ಗೊತ್ತಿಲ್ಲದಿರುವುದು ನೋವಿನ ಸಂಗತಿ.

ಇನ್ನು ಸಮಯದ ಮಾತು. 2008ರಲ್ಲಿ ಮುಂಬೈಯ ನಿಕೇತಾ ಮೆಹ್ತಾ, ಹೊಟ್ಟೆಯಲ್ಲಿರುವ ಮಗುವಿನ ಹೃದಯದಲ್ಲಿ ತೀವ್ರ ತೊಂದರೆ ಇದೆ ಎಂದು ತಿಳಿದು ಗರ್ಭಪಾತಕ್ಕೆ ಅನುಮತಿ ಕೋರಿ ಹೈಕೋರ್ಟಿಗೆ ಹೋದರು. ಆಗ ಇದ್ದ 20 ವಾರಗಳ ಮಿತಿ ದಾಟಿತ್ತು, ಅನುಮತಿ ಸಿಗಲಿಲ್ಲ. ಕಾನೂನು ಬದಲಾಗಲು 2021ರವರೆಗೆ ಕಾಯಬೇಕಾಯಿತು. ಈಗ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಭ್ರೂಣದ ಗಂಭೀರ ದೋಷದಂಥ ಕಾರಣಗಳಿದ್ದರೆ 24 ವಾರದವರೆಗೆ ಇಬ್ಬರು ವೈದ್ಯರದು ಬೇಕು. ಅದನ್ನೂ ಮೀರಿದರೆ ವೈದ್ಯಕೀಯ ಮಂಡಳಿ ನೋಡಿ ಹೇಳಬೇಕು. ವಯಸ್ಕ ಹೆಣ್ಣಿನ ವಿಷಯದಲ್ಲಿ ಬೇಕಾದದ್ದು ಅವಳ ಒಪ್ಪಿಗೆ ಮಾತ್ರ, ಗಂಡನ ಸಹಿ ಕಾನೂನಿಗೆ ಬೇಕಿಲ್ಲ.

ಮಿತಿ ಹೆಚ್ಚಿದ್ದರೂ ಬಡವರ ಪಾಲಿಗೆ ಸಮಯ ಸಾಲದು. ನೀರಿನ ಪರೀಕ್ಷೆಯನ್ನು 16ನೇ ವಾರಕ್ಕೆ ಮಾಡಿಸಿದರೂ ಪೂರ್ತಿ ವರದಿಗೆ ಎರಡು ಮೂರು ವಾರ ಹಿಡಿಯುತ್ತದೆ. ನಾಲ್ಕು ತಿಂಗಳು ತುಂಬಿದ ಮೇಲೆ ಮೊದಲ ಸಲ ಆಸ್ಪತ್ರೆಗೆ ಬರುವವಳಿಗೆ ಡಬಲ್ ಮಾರ್ಕರ್‌ನ ಅವಕಾಶವೇ ತಪ್ಪಿರುತ್ತದೆ, ಐದು ತಿಂಗಳ ಸ್ಕ್ಯಾನೇ ಮೊದಲ ಸ್ಕ್ಯಾನ್ ಆಗುತ್ತದೆ. ಅವಳು ತಡವಾಗಿ ಬಂದದ್ದು ಅಸಡ್ಡೆಯಿಂದಲ್ಲ. ಒಂದು ದಿನ ಆಸ್ಪತ್ರೆಯ ಕ್ಯೂನಲ್ಲಿ ನಿಂತರೆ ಆ ದಿನದ ಕೂಲಿ ಹೋಗುತ್ತದೆ, ಲೈನಿನ ಸೂಪರ್‌ವೈಸರ್ ಮುಖ ಗಂಟಿಕ್ಕುತ್ತಾನೆ. ಗರ್ಭ ಇಳಿದರೂ ಗರ್ಭಪಾತವಾದರೂ ಆರು ವಾರ ಸಂಬಳಸಹಿತ ರಜೆ ಎಂಬುದು ನಮ್ಮ ಕಾನೂನಿನಲ್ಲಿದೆ. ಹೊಲಿಗೆ ಯಂತ್ರದ ಮುಂದೆ ಕೂತ ಎಷ್ಟು ಮಂದಿಗೆ ಇದನ್ನು ಯಾರಾದರೂ ಹೇಳಿದ್ದಾರೆ?

ಪರೀಕ್ಷೆ ಮಾಡಿಸುವುದೆಂದರೆ ಮಗುವನ್ನು ಬೇಡವೆನ್ನುವುದು ಎಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ, ಅದರಲ್ಲಿ ಬಹಳಷ್ಟು ಇಂದು ಸರಿಪಡಿಸಬಲ್ಲಂಥವು. ಅತ್ತಿಬೆಲೆಯಿಂದ ಕೆಲವೇ ಕಿಲೋಮೀಟರ್ ದೂರದ ಬೊಮ್ಮಸಂದ್ರದಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗೆ ಹೆಸರಾದ ನಾರಾಯಣ ಆಸ್ಪತ್ರೆಯಿದೆ. ಮುಂಚೆಯೇ ತಿಳಿದರೆ ಹೆರಿಗೆ ಎಲ್ಲಿ, ದುಡ್ಡಿನ ಏರ್ಪಾಡು ಹೇಗೆ, ಜೊತೆಗೆ ಯಾರು ಎಂದು ಸಿದ್ಧವಾಗಬಹುದು. ತಿಳಿದು ಬಸಿರನ್ನು ಮುಂದುವರಿಸುವವಳೂ, ತಿಳಿದು ನಿಲ್ಲಿಸುವವಳೂ, ತಿಳಿಯುವುದೇ ಬೇಡ ಎನ್ನುವವಳೂ ನಮ್ಮ ಗೌರವಕ್ಕೆ ಸಮಾನವಾಗಿ ಅರ್ಹರು. ಇಷ್ಟೆಲ್ಲ ಪರೀಕ್ಷೆಯ ಆಚೆಗೂ ಕೆಲವು ಸಂಗತಿಗಳು ಉಳಿಯುತ್ತವೆ. ವರ್ಣತಂತು ಒಂದು ಹೆಚ್ಚಿದೆ ಎಂದು ವರದಿ ಹೇಳಬಲ್ಲದು. ಆ ಮಗು ಎಷ್ಟು ಕಲಿಯುತ್ತದೆ, ಹೇಗೆ ಬದುಕುತ್ತದೆ ಎಂದು ಹೇಳಲಾರದು.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಅಂಗವಿಕಲ ಮಗುವನ್ನು ಸಾಕುವ ಹೊರೆಯೆಲ್ಲ ತಾಯಿಯೊಬ್ಬಳ ತಲೆಯ ಮೇಲೆ ಬೀಳುವ ಸಮಾಜದಲ್ಲಿ ಅವಳ ತೀರ್ಮಾನ ಪೂರ್ತಿ ಅವಳದಾಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ ಶಾಲೆ, ಉದ್ಯೋಗದ ಭರವಸೆ ಕೊಟ್ಟಿದೆ. ಆ ಭರವಸೆ ನಮ್ಮ ಆನೇಕಲ್ ತಾಲ್ಲೂಕಿನ ಸರ್ಕಾರಿ ಶಾಲೆಯ ಬಾಗಿಲವರೆಗೂ ಬಂದ ದಿನ ಅವಳು ಭಯವಿಲ್ಲದೆ ಯೋಚಿಸಬಲ್ಲಳು.

ಅಲ್ಲಿಯವರೆಗೆ ಮಾಡಬಹುದಾದ ಕೆಲಸ ಬಹಳವಿದೆ, ಯಾವುದೂ ಅಸಾಧ್ಯವಲ್ಲ. ಆನೇಕಲ್ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಜೆನೆಟಿಕ್ ಕೌನ್ಸೆಲಿಂಗ್ ಆಗಲಿ, ಎಲೆಕ್ಟ್ರಾನಿಕ್ ಸಿಟಿಯ ತಜ್ಞರು ಅಲ್ಲಿಗೆ ಬರಲಿ. ಪ್ರತಿ ತಿಂಗಳ 9ರಂದು ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಯಲ್ಲಿ, ಹಿಂದಿನ ಮಗುವಿಗೆ ಏನಾಗಿತ್ತು, ಮದುವೆ ಸಂಬಂಧದೊಳಗೋ ಎಂದು ಕೇಳಿ ಬರೆದುಕೊಳ್ಳಲಿ. ಇದನ್ನು ಗದರದೆ, ಅಣಕಿಸದೆ ಕೇಳುವುದನ್ನು ಆಶಾ ಕಾರ್ಯಕರ್ತೆಯರಿಗೆ ಕಲಿಸಲಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ತೆಲುಗು, ತಮಿಳು, ಹಿಂದಿ, ಒಡಿಯಾ, ಬಂಗಾಳಿಯಲ್ಲೂ ಇರಲಿ. ತಪಾಸಣೆಯ ದಿನದ ಸಂಬಳವನ್ನು ಕಾರ್ಖಾನೆಗಳು ಮುರಿಯದಿರಲಿ.

ಬಸುರಿಯಾದ ತಂಗಿಯೊಬ್ಬಳು ಈ ಅಂಕಣ ಓದುತ್ತಿದ್ದರೆ ಅವಳಿಗೆ ನೇರವಾಗಿ ಹೇಳುತ್ತೇನೆ. ರಕ್ತ ಕೊಡುವ ಮೊದಲೇ ಡಾಕ್ಟರನ್ನು ಕೇಳಮ್ಮ. ಈ ಟೆಸ್ಟ್ ಅನುಮಾನ ಹೇಳುವುದೋ, ಖಚಿತ ಹೇಳುವುದೋ? ಫಲಿತಾಂಶ ಎಷ್ಟು ದಿನಕ್ಕೆ ಬರುತ್ತದೆ? ಇದರಿಂದ ಮಗುವಿಗೆ ಏನು ಅಪಾಯ? ಮಾಡಿಸದಿದ್ದರೆ ಏನಾಗುತ್ತದೆ? ಕೊನೆಗೆ ನಿನ್ನನ್ನೇ ಕೇಳಿಕೋ: ಉತ್ತರ ಸಿಕ್ಕಿದ ಮೇಲೆ ನಾನು ಏನು ಮಾಡಬೇಕೆಂದಿದ್ದೇನೆ? ಇವು ದಡ್ಡ ಪ್ರಶ್ನೆಗಳಲ್ಲ. ಇವಕ್ಕೆ ನಿನ್ನ ಭಾಷೆಯಲ್ಲಿ, ಕುರ್ಚಿ ಕೊಟ್ಟು ಕೂರಿಸಿ ಉತ್ತರ ಹೇಳುವುದು ಡಾಕ್ಟರು ಮಾಡುವ ಉಪಕಾರವಲ್ಲ, ಅವರ ಕರ್ತವ್ಯ. ಉತ್ತರ ಸಿಗುವ ತನಕ ಸಹಿ ಹಾಕಬೇಡ.