ಅಣುಸ್ಥಾವರದ ಕೊಳವೆಗಳು: ವಿಚಾರಣೆ ಯಾರದು?

ಅಣುವಿದ್ಯುತ್ ಸ್ಥಾವರಕ್ಕೆ ಸರಬರಾಜಾದ ಕೊಳವೆಗಳು ದೋಷಯುಕ್ತವಾಗಿವೆಯೆಂಬ ಆರೋಪವು ಎದ್ದಲ್ಲಿ ಅದನ್ನು ವಿಚಾರಿಸತಕ್ಕವರು ಯಾರು, ದೋಷವು ಸಿದ್ಧವಾದಲ್ಲಿ ಅದರ ಹೊಣೆ ಹೊರತಕ್ಕವರು ಯಾರು ಎಂಬ ಪ್ರಶ್ನೆಯು ಈಗ ಕೇವಲ ಇಂಜಿನಿಯರರ ಚರ್ಚೆಯ ವಿಷಯವಾಗಿ ಉಳಿದಿಲ್ಲ. 2025ರ ಡಿಸೆಂಬರ ತಿಂಗಳಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ, 'ಶಾಂತಿ' ಎಂಬ ಹ್ರಸ್ವನಾಮದ ಕಾಯಿದೆಯು 1962ರ ಅಣುಶಕ್ತಿ ಕಾಯಿದೆಯನ್ನೂ 2010ರ ಅಣುಹಾನಿ ಹೊಣೆಗಾರಿಕೆಯ ಕಾಯಿದೆಯನ್ನೂ ತೆಗೆದುಹಾಕಿ, ಖಾಸಗಿ ಬಂಡವಾಳಗಾರರಿಗೆ ಈ ಉದ್ಯಮದ ಬಾಗಿಲನ್ನು ತೆರೆದಿರುತ್ತದೆ. ಕಾರವಾರ ಸೀಮೆಯ ಕೈಗಾದಲ್ಲಿ ತಲಾ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳನ್ನು ಕಟ್ಟುವ ಉದ್ಯೋಗವು ಸಾಗಿದೆ. ಇಳಕಲ್ಲ-ಹುನಗುಂದಗಳ ಮಗ್ಗುಲಿನ ಕೊಪ್ಪಳ ಜಿಲ್ಲೆಯಲ್ಲಿ ಹೊಸ ಸ್ಥಾವರಕ್ಕೆ ಸ್ಥಳ ನೋಡುವ ಮಾತು ಎದ್ದು, ಅಲ್ಲಿಯ ಜನರು ಅದನ್ನು ಪ್ರತಿಭಟಿಸಿದ್ದೂ ಇತ್ತೀಚಿನ ಸಂಗತಿಯೇ. ಆದುದರಿಂದ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಗಳ ನಾಗರಿಕರು ಇದನ್ನು ಪರಸ್ಥಳದ ಸುದ್ದಿಯೆಂದು ಬದಿಗಿಡುವಂತಿಲ್ಲ.

ನಾವು ಅಣುವಿದ್ಯುತ್ತಿನ ವಿರೋಧಿಗಳಲ್ಲವೆಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ರಾಷ್ಟ್ರವು ಸ್ವಾವಲಂಬಿಯಾಗಬೇಕಾದರೆ ಶಕ್ತಿ ಬೇಕು. ಆ ಶಕ್ತಿಯನ್ನು ನಮ್ಮವರೇ, ನಮ್ಮ ಕಾರ್ಖಾನೆಗಳಲ್ಲಿಯೇ ತಯಾರಿಸಿದ ಸಾಧನಗಳಿಂದ ಪಡೆಯುವುದು ಅಭಿಮಾನದ ವಿಷಯ. ಆದರೆ ಅಭಿಮಾನವು ಪರೀಕ್ಷೆಗೆ ಅಂಜಬಾರದು. ಸ್ವದೇಶಿಯೆಂಬ ಒಂದೇ ಕಾರಣದಿಂದ ಕೊಳವೆಯು ಗಟ್ಟಿಯಾಗುವುದಿಲ್ಲ. ವಿದೇಶದ್ದೆಂಬ ಕಾರಣದಿಂದಲೂ ಆಗುವುದಿಲ್ಲ.

ಕೊಳವೆಗೆ ಇಷ್ಟೇಕೆ ಮಹತ್ವವೆಂದು ಕೇಳುವವರಿಗೆ ಕೈಗಾದ ಯಂತ್ರದ ರಚನೆಯನ್ನು ಸಂಕ್ಷೇಪವಾಗಿ ಹೇಳುವುದು ಉಚಿತ. ಅಲ್ಲಿಯ 220 ಮೆಗಾವ್ಯಾಟಿನ ಒಂದೊಂದು ಘಟಕದಲ್ಲಿಯೂ ಅಡ್ಡಲಾಗಿ ಜೋಡಿಸಿದ 306 ಒತ್ತಡದ ಕೊಳವೆಗಳಿವೆ. ಅವು ಜಿರ್ಕೋನಿಯಂ ಎಂಬ ಲೋಹಕ್ಕೆ ಅಲ್ಪಾಂಶ ನಿಯೋಬಿಯಂ ಬೆರೆಸಿ ಮಾಡಿದವು. ಯುರೇನಿಯಂ ಇಂಧನವು ಅವುಗಳೊಳಗೆ ಇರುತ್ತದೆ. ಅದರ ಉರಿಯನ್ನು ಹೊತ್ತ ಭಾರಜಲವು ಸುಮಾರು 290 ಡಿಗ್ರಿ ಉಷ್ಣತೆಯಲ್ಲಿ, ವಾಯುಮಂಡಲದ ಒತ್ತಡದ ಎಂಬತ್ತು ಪಟ್ಟಿಗೂ ಮಿಕ್ಕ ಒತ್ತಡದಲ್ಲಿ, ಹಗಲಿರುಳು ಅವುಗಳೊಳಗೆ ಹರಿಯುತ್ತದೆ. ಇಂಥ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಬಿರುಕಾಗಿಯೇ ಉಳಿಯುವುದೆಂಬ ಭರವಸೆಯಿಲ್ಲ. ಅದನ್ನು ಹೊರಗಿನಿಂದ ನೋಡಿದ ಕಣ್ಣು ಕಾಣಲಾರದು. ಲೋಹದ ಕಸುವನ್ನು ತಿಳಿಯಲು ತಯಾರಕನ ಸಾಕ್ಷಿಪತ್ರ, ಪರೀಕ್ಷಕನ ಉಪಕರಣ ಎಂಬ ಎರಡೇ ದಾರಿಗಳು. ಮೊದಲನೆಯದು ಸುಳ್ಳಾಗಿ ಎರಡನೆಯದು ಸುಮ್ಮನಿದ್ದರೆ ಸ್ಥಾವರವು ಕುರುಡಾಗಿ ನಡೆಯುತ್ತದೆ.

ಈ ಭೀತಿಯು ಕಾಲ್ಪನಿಕವಲ್ಲ. 1988ರ ಮೇ ತಿಂಗಳಲ್ಲಿ ಅಮೇರಿಕದ ಅಣು ನಿಯಂತ್ರಣ ಆಯೋಗವು ತನ್ನ ದೇಶದ ಎಲ್ಲ ಸ್ಥಾವರಗಳಿಗೂ ಒಂದು ಸೂಚನೆಯನ್ನು ಕಳುಹಿಸಬೇಕಾಯಿತು. ನ್ಯೂ ಜೆರ್ಸಿ ಪ್ರಾಂತದ ಎರಡು ಕಂಪನಿಗಳು ಒದಗಿಸಿದ ಕೊಳವೆ ಜೋಡಣೆಯ ಸಾಮಾನುಗಳ ಪರೀಕ್ಷಾಪತ್ರಗಳು ಸುಳ್ಳಾಗಿದ್ದುವೆಂದು ಕಂಡುಬಂದಿತ್ತು. ಆ ಸಾಮಾನು ತಮ್ಮಲ್ಲಿ ಎಲ್ಲೆಲ್ಲಿ ಬಳಕೆಯಾಗಿದೆಯೆಂದು ಹುಡುಕಿ, ಅದರ ಗುಣವನ್ನು ಪರೀಕ್ಷಿಸಿ ವರದಿ ಮಾಡಬೇಕೆಂದು ಸ್ಥಾವರಗಳವರಿಗೆ ಆಜ್ಞೆಯಾಯಿತು. ಆ ಆಜ್ಞೆಯು ಸಾರ್ವಜನಿಕವಾಗಿಯೇ ಪ್ರಕಟವಾಯಿತು. ದಕ್ಷಿಣ ಕೊರಿಯದಲ್ಲಿ 2012ರಲ್ಲಿ ಬಿಡಿಭಾಗಗಳ ಗುಣಪತ್ರಗಳೂ 2013ರಲ್ಲಿ ನಿಯಂತ್ರಣದ ಕೇಬಲುಗಳ ಪರೀಕ್ಷಾಫಲಗಳೂ ಖೋಟಾ ಎಂದು ಬಯಲಾಗಿ, ಸ್ಥಾವರಗಳನ್ನು ನಿಲ್ಲಿಸಬೇಕಾಯಿತು. ಸರಬರಾಜುದಾರರು, ಪರೀಕ್ಷಕರು, ಸರಕಾರೀ ಕಂಪನಿಯ ಅಧಿಕಾರಿಗಳು ಸೇರಿ ಸುಮಾರು ನೂರು ಜನರ ಮೇಲೆ ಮೊಕದ್ದಮೆಗಳು ಹೂಡಲ್ಪಟ್ಟುವು. ಜಪಾನಿನ ಮಿಹಾಮಾದಲ್ಲಿ 2004ರ ಆಗಸ್ಟ 9ರಂದು ಟರ್ಬೈನಿನ ಕಡೆಯ ಕೊಳವೆಯೊಂದು ಒಡೆದು ಬಿಸಿಯುಗಿಗೆ ಸಿಕ್ಕ ಕೆಲಸಗಾರರಲ್ಲಿ ಐವರು ಪ್ರಾಣ ಕಳೆದುಕೊಂಡರು. 10 ಮಿಲಿಮೀಟರು ದಪ್ಪವಿದ್ದ ಆ ಕೊಳವೆಯು ಸವೆದು ಸವೆದು 1.4 ಮಿಲಿಮೀಟರಿಗೆ ಇಳಿದಿತ್ತು. ತಪಾಸಣೆಯ ಪಟ್ಟಿಯಲ್ಲಿ ಆ ಭಾಗವು ಬಿಟ್ಟುಹೋದುದರಿಂದ, 1976ರಲ್ಲಿ ಯಂತ್ರವು ನಡೆಯತೊಡಗಿದಂದಿನಿಂದ ಅದನ್ನು ಒಬ್ಬರೂ ಅಳೆದಿರಲಿಲ್ಲ. ಶಿಸ್ತಿಗೆ ಹೆಸರಾದ ದೇಶಗಳ ಗತಿಯೇ ಹೀಗಿರುವಾಗ, ನಮ್ಮಲ್ಲಿ ಇಂಥದು ಆಗಲಾರದೆಂದು ಹೇಳುವ ಧೈರ್ಯ ಯಾರಿಗಿದೆ?

ನಮ್ಮ ಅನುಭವವೂ ಪಾಠ ಕಲಿಸದೆ ಬಿಟ್ಟಿಲ್ಲ. 1994ರ ಮೇ 13ರಂದು ಕೈಗಾದ ಒಂದನೆಯ ಘಟಕದ ಒಳಗುಮ್ಮಟವು, ಇನ್ನೂ ಕಟ್ಟುತ್ತಿರುವಾಗಲೇ, ಪದರು ಬಿಟ್ಟು ಕುಸಿಯಿತು. ಸುಮಾರು 130 ಟನ್ನು ಕಾಂಕ್ರೀಟು ಕೆಳಗುರುಳಿ ಹದಿನಾಲ್ಕು ಕೆಲಸಗಾರರು ಗಾಯಗೊಂಡರು. ಯಂತ್ರಕ್ಕೆ ಇನ್ನೂ ಇಂಧನ ತುಂಬಿರಲಿಲ್ಲವೆಂಬುದು ಕರ್ನಾಟಕದ ಪುಣ್ಯ. ಅಣುವಿದ್ಯುತ್ ನಿಗಮವು ತನ್ನದೊಂದು ವಿಚಾರಣಾ ಸಮಿತಿಯನ್ನು ನೇಮಿಸಿತು, ಡಾ. ಎ. ಗೋಪಾಲಕೃಷ್ಣನ್ ಅವರು ಅಧ್ಯಕ್ಷರಾಗಿದ್ದ ಅಣುಶಕ್ತಿ ನಿಯಂತ್ರಣ ಮಂಡಳಿಯು ಬೇರೊಂದನ್ನು ನೇಮಿಸಿತು. ಬಿಗಿದ ಉಕ್ಕಿನ ಹುರಿಗಳು ಕಾಂಕ್ರೀಟಿನ ಮೇಲೆ ಹಾಕುವ ಎಳೆತವನ್ನು ವಿನ್ಯಾಸದಲ್ಲಿ ಸಾಕಷ್ಟು ಲೆಕ್ಕಿಸಿರಲಿಲ್ಲವೆಂದು ತಿಳಿದುಬಂದಿತು. ಗುಮ್ಮಟದ ವಿನ್ಯಾಸವು ಹೊಸದಾಯಿತು; ಅದೇ ಬಗೆಯ ಗುಮ್ಮಟವಿದ್ದ ರಾಜಸ್ಥಾನದ ಘಟಕಗಳ ಕೆಲಸವೂ ತಡೆದು ತಿದ್ದಲ್ಪಟ್ಟಿತು. ಇದರಿಂದ ಕಾಲವೂ ಹಣವೂ ವೆಚ್ಚವಾದುದು ನಿಜ. ಆದರೆ ಫಲವನ್ನು ನೋಡಿರಿ. 2000ದಲ್ಲಿ ವಿದ್ಯುತ್ ಕೊಡತೊಡಗಿದ ಆ ಒಂದನೆಯ ಘಟಕವೇ 2016ರ ಮೇ 13ರಿಂದ 2018ರ ಡಿಸೆಂಬರ 31ರ ವರೆಗೆ 962 ದಿನ ಎಡೆಬಿಡದೆ ನಡೆದು ಜಗತ್ತಿನ ದಾಖಲೆಯನ್ನು ಸ್ಥಾಪಿಸಿತು. ಕುಸಿದ ದಿನಾಂಕವೂ ಓಟ ತೊಡಗಿದ ದಿನಾಂಕವೂ ಒಂದೇ ಆದುದು ಕಾಕತಾಳೀಯ. ದೋಷವನ್ನು ಒಪ್ಪಿ ತಿದ್ದಿದ ಯಂತ್ರವೇ ಕೀರ್ತಿಯನ್ನು ತಂದುದು ಕಾಕತಾಳೀಯವಲ್ಲ.

ಗುಜರಾಥದ ಕಾಕರಾಪಾರದಲ್ಲಿ 2016ರ ಮಾರ್ಚ 11ರಂದು ಕೈಗಾದ ಮಾದರಿಯದೇ ಆದ ಒಂದು ಒತ್ತಡದ ಕೊಳವೆಯು ಸೋರಿತು. ಯಂತ್ರವನ್ನು ಸುರಕ್ಷಿತವಾಗಿ ನಿಲ್ಲಿಸಿದರು. ನಮ್ಮ ಕೆಲಸಗಾರರ ದಕ್ಷತೆಗೆ ಇದು ಭೂಷಣ. ಕೊಳವೆಯ ಹೊರಮೈಗೆ ತಗಲಿ ಹರಿಯುವ ಅನಿಲದಲ್ಲಿದ್ದ ಕಲ್ಮಶದಿಂದ ಅದು ಹೊರಗಿನಿಂದಲೇ ಕೊರೆದುಹೋಗಿತ್ತೆಂದು ವಿಚಾರಣೆಯು ಆಮೇಲೆ ತೋರಿಸಿತು. ಇಲ್ಲಿ ಗಮನಿಸತಕ್ಕ ಮಾತೊಂದಿದೆ: ದೋಷವು ಕೊಳವೆಯದೋ, ಅನಿಲದ್ದೋ, ಬೆಸುಗೆಯದೋ, ನಡೆಸಿದವರದೋ ಎಂಬುದು ವಿಚಾರಣೆಯಾಗದ ಹೊರತು ತಿಳಿಯದು. ಆರೋಪವೆಲ್ಲವೂ ನಿಜವಲ್ಲ. ಪ್ರತಿಸ್ಪರ್ಧಿಯ ಮತ್ಸರದಿಂದಲೂ ಆರೋಪ ಹುಟ್ಟೀತು. ನಿರ್ದೋಷಿಯಾದ ತಯಾರಕನಿಗೂ ನ್ಯಾಯವಾದ ವಿಚಾರಣೆಯೇ ರಕ್ಷಣೆ. ಮುಚ್ಚಿಟ್ಟ ಕಡತವು ಅವನ ಮೇಲಿನ ಸಂಶಯವನ್ನು ಎಂದಿಗೂ ತೊಳೆಯದು.

ಹಾಗಾದರೆ ವಿಚಾರಿಸುವವರು ಯಾರು? 1983ರಲ್ಲಿ ಸ್ಥಾಪಿತವಾದ ನಿಯಂತ್ರಣ ಮಂಡಳಿಯು ಸರಕಾರದ ಆಜ್ಞೆಯಿಂದ ಹುಟ್ಟಿ, ಸರಕಾರ ಕೊಟ್ಟಷ್ಟೇ ಅಧಿಕಾರದಿಂದ ಬಾಳುತ್ತ ಬಂದಿತು. ಸ್ಥಾವರ ಕಟ್ಟುವವರೂ ಅದನ್ನು ಪರೀಕ್ಷಿಸುವವರೂ ಒಂದೇ ಮನೆಯವರಾದರು. ಈ ಮಂಡಳಿಗೆ ಕಾಯಿದೆಯ ಸ್ವತಂತ್ರ ಆಧಾರವಿಲ್ಲವೆಂದು ಭಾರತದ ಮಹಾಲೇಖಪಾಲರು 2012ರ ವರದಿಯಲ್ಲಿ ಆಕ್ಷೇಪಿಸಿದ್ದರು. ಹೊಸ ಕಾಯಿದೆಯು ಆ ಆಧಾರವನ್ನು ಒದಗಿಸಿದೆ; ಅದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಅದೇ ಕಾಯಿದೆಯು ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಕಸಿದುಕೊಂಡಿದೆ. ಪ್ರಕಟವಾದ ಅಥವಾ ಗುಪ್ತವಾದ ದೋಷವುಳ್ಳ ಸಾಮಗ್ರಿಯನ್ನು ಒದಗಿಸಿ ಅಪಘಾತಕ್ಕೆ ಕಾರಣನಾದ ಸರಬರಾಜುದಾರನಿಂದ ಸ್ಥಾವರದವರು ನಷ್ಟವನ್ನು ವಸೂಲು ಮಾಡಬಹುದೆಂದು 2010ರ ಕಾಯಿದೆಯ 17ನೆಯ ವಿಧಿಯು ಹೇಳುತ್ತಿತ್ತು. ಭೋಪಾಳದ ದುರಂತವನ್ನು ಕಂಡ ರಾಷ್ಟ್ರವು ಎಚ್ಚತ್ತು ಬರೆದುಕೊಂಡ ಮಾತು ಅದು. ಹೊಸ ಕಾಯಿದೆಯಲ್ಲಿ ಆ ಮಾತಿಲ್ಲ. ಕರಾರುಪತ್ರದಲ್ಲಿ ಬರೆದುಕೊಂಡಿದ್ದರೆ, ಅಥವಾ ಹಾನಿ ಮಾಡುವ ಉದ್ದೇಶದಿಂದಲೇ ಒಬ್ಬನು ಕೃತ್ಯ ನಡೆಸಿದ್ದರೆ ಮಾತ್ರ ವಸೂಲಿಗೆ ಅವಕಾಶ. ಕೊಳವೆಯೊಳಗೆ ಬಿರುಕು ಬಿಟ್ಟವನು ಹಾನಿಯ ಉದ್ದೇಶದಿಂದ ಬಿಡುವುದಿಲ್ಲ. ಲಾಭದ ಉದ್ದೇಶದಿಂದ ಬಿಡುತ್ತಾನೆ. ಅವನು ಈ ಬಲೆಗೆ ಬೀಳುವುದಿಲ್ಲ.

ಹೊಣೆಗೆ ಹೆದರಿ ವಿದೇಶದ ತಯಾರಕರು ಬರಲಿಲ್ಲ, ನಮ್ಮ ದೇಶದ ಸಣ್ಣ ಕಾರ್ಖಾನೆಗಳೂ ಹಿಂಜರಿದುವು ಎಂದು ಸರಕಾರದ ಪಕ್ಷದವರು ಹೇಳುತ್ತಾರೆ. ಈ ವಾದದಲ್ಲಿ ಹುರುಳಿಲ್ಲದಿಲ್ಲ. ಮಿತಿಯಿಲ್ಲದ ಹೊಣೆಯನ್ನು ವಿಮೆಯೂ ಹೊರಲಾರದು. ಆದರೆ ಹೊಣೆಗೆ ಮಿತಿ ಹಾಕುವುದು ಬೇರೆ, ಹೊಣೆಯನ್ನೇ ಅಳಿಸುವುದು ಬೇರೆ. ಇಳಕಲ್ಲಿನ ನೇಕಾರನು ಸೀರೆಯ ಒಡಲಿಗೆ ಸೆರಗನ್ನು ಕೂಡಿಸುವಲ್ಲಿ ಎಳೆ ತಪ್ಪಿದರೆ ವ್ಯಾಪಾರಿಯು ಆ ಸೀರೆಯನ್ನು ಹಿಂದಕ್ಕೆ ಕಳುಹಿಸುತ್ತಾನೆ, ನಷ್ಟವು ನೇಕಾರನದೇ. ಬಡ ನೇಕಾರನು ಹೊರುವ ಹೊಣೆಯನ್ನು ಕೋಟ್ಯಧೀಶ ಕಂಪನಿಯು ಹೊರಲಾರದೆಂಬ ಮಾತು ನಮ್ಮ ಊರುಗಳಲ್ಲಿ ಒಪ್ಪಿಗೆಯಾಗಲಾರದು.

ನೆಲದಲ್ಲಿ ಹೂತ ಕೊಳವೆಯ ಕಷ್ಟವೇನೆಂಬುದು ಹುನಗುಂದ ತಾಲೂಕಿನವರಿಗೆ ತಿಳಿಯದುದಲ್ಲ. ಕೃಷ್ಣೆಯ ನೀರನ್ನೆತ್ತಿ ಸುಮಾರು 24,000 ಹೆಕ್ಟೇರು ಹೊಲಗಳಿಗೆ ಹನಿಹನಿಯಾಗಿ ಉಣಿಸಲು ಹೊರಟ ರಾಮಥಾಳ-ಮರೋಳ ಯೋಜನೆಯಲ್ಲಿ ಹೊಲಕ್ಕೆ ನೀರು ಸರಿಯಾಗಿ ಮುಟ್ಟುತ್ತಿಲ್ಲವೆಂಬ ದೂರು ರೈತರಿಂದ ಮೇಲಿಂದ ಮೇಲೆ ಬಂದಿದೆ. ಅಲ್ಲಿ ಕೊಳವೆ ಕೆಟ್ಟರೆ ಬೆಳೆ ಒಣಗುತ್ತದೆ. ಕೈಗಾದಲ್ಲಿ ಕೆಟ್ಟರೆ ಕಾಳೀ ನದಿಯ ಕಣಿವೆಯೇ ಅಪಾಯಕ್ಕೆ ಸಿಲುಕೀತು. ಪರಿಣಾಮದಲ್ಲಿ ಅಜಗಜಾಂತರವಿದ್ದರೂ ನ್ಯಾಯವು ಒಂದೇ: ತಪ್ಪು ಸಾಮಗ್ರಿಯದೋ ನಿರ್ವಹಣೆಯದೋ ಎಂಬುದನ್ನು ಹೇಳತಕ್ಕವನು ಮಾರಿದವನೂ ಅಲ್ಲದ, ಕೊಂಡವನೂ ಅಲ್ಲದ ಮೂರನೆಯವನಾಗಿರಬೇಕು. ಇಲ್ಲದಿದ್ದರೆ ಬೇಲಿಯೇ ಹೊಲ ಮೇಯ್ದಂತಾದೀತು.

ಆದುದರಿಂದ ಸರಕಾರದ ಮುಂದೆ ನಾವು ನಾಲ್ಕು ಬೇಡಿಕೆಗಳನ್ನಿಡುತ್ತೇವೆ. ಮೊದಲನೆಯದಾಗಿ, ಕೈಗಾದ ಹೊಸ ಘಟಕಗಳಿಗೆ ಕೊಳ್ಳುವ ಕೊಳವೆ, ಕವಾಟ, ಉಕ್ಕುಗಳ ಪ್ರತಿಯೊಂದು ಕರಾರಿನಲ್ಲಿಯೂ ಗುಪ್ತದೋಷದ ಹೊಣೆಯನ್ನು ಅಕ್ಷರದಲ್ಲಿ ಬರೆಯಿಸಿಕೊಳ್ಳತಕ್ಕದ್ದು; ಹೊಸ ಕಾಯಿದೆಯು ಉಳಿಸಿದ ಒಂದೇ ಬಾಗಿಲು ಇದು, ಇದನ್ನು ನಿಗಮವು ತಾನಾಗಿ ಮುಚ್ಚಬಾರದು. ಎರಡನೆಯದಾಗಿ, ತಯಾರಕನ ಸಾಕ್ಷಿಪತ್ರವನ್ನು ನಂಬಿ ಕೂಡದೆ, ನಿಯಂತ್ರಣ ಮಂಡಳಿಯು ತಾನೇ ಆರಿಸಿದ ಮಾದರಿಗಳನ್ನು ತಯಾರಕನಿಗೂ ನಿಗಮಕ್ಕೂ ಸಂಬಂಧವಿಲ್ಲದ ಪ್ರಯೋಗಶಾಲೆಯಲ್ಲಿ ಪರೀಕ್ಷಿಸತಕ್ಕದ್ದು. ಮೂರನೆಯದಾಗಿ, ದೋಷವನ್ನು ಕಂಡು ತಿಳಿಸುವ ಬೆಸುಗೆಗಾರನಿಗೂ ತಪಾಸಣೆಯ ಅಧಿಕಾರಿಗೂ ನೌಕರಿಯ ಭಯವಿರಬಾರದು. ಇಂಥ ಸಂಗತಿಗಳು ಬಹುಶಃ ಬಯಲಾಗುವುದು ಒಳಗಿನವನೊಬ್ಬನ ಬಾಯಿಂದಲೇ. ಅವನ ಬಾಯಿ ಕಟ್ಟಿದರೆ ರಾಷ್ಟ್ರದ ಕಣ್ಣು ಕಟ್ಟಿದಂತೆ. ನಾಲ್ಕನೆಯದಾಗಿ, ವಿಚಾರಣೆಯ ವರದಿಯು ಜನರ ಕೈಗೆ ಬರತಕ್ಕದ್ದು. ಅಣುಬಾಂಬಿನ ರಹಸ್ಯವು ರಹಸ್ಯವಾಗಿಯೇ ಇರಲಿ. ವಿದ್ಯುತ್ ಸ್ಥಾವರದ ಕೊಳವೆಯ ದಪ್ಪವು ಶತ್ರುವಿನಿಂದ ಬಚ್ಚಿಡುವ ರಹಸ್ಯವಲ್ಲ.

ಲೋಕಸಭೆಗೆ ಹೋದ ನಮ್ಮ ಪ್ರತಿನಿಧಿಗಳು ಈ ನಾಲ್ಕು ಮಾತುಗಳನ್ನು ಪ್ರಶ್ನೋತ್ತರದ ಕಾಲದಲ್ಲಿ ಎತ್ತಬೇಕೆಂದು ಆಗ್ರಹಪಡಿಸುತ್ತೇವೆ. ಆಲಮಟ್ಟಿಯ ಹಿನ್ನೀರಿಗೆ ಹುಟ್ಟಿದ ಮನೆ, ದುಡಿದ ಹೊಲಗಳನ್ನು ಬಿಟ್ಟುಕೊಟ್ಟು ನವನಗರಕ್ಕೆ ಬಂದ ಬಾಗಲಕೋಟೆಯ ಜನರಿಗೆ ರಾಷ್ಟ್ರಕ್ಕಾಗಿ ತ್ಯಾಗವೆಂದರೇನೆಂದು ಹೇಳಿಕೊಡಬೇಕಾದುದಿಲ್ಲ. ಅಂಥವರು ಕೇಳುವುದು ಬೆಳಕು ಬೇಡವೆಂದಲ್ಲ. ಬೆಳಕನ್ನು ತರುವ ಕೊಳವೆಯನ್ನು ಅಳೆದು ನೋಡಿದ್ದೀರೋ ಎಂದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿಬಾಗಿಲು ಹಾಕುವ ಪದ್ಧತಿಯು ಈ ಉದ್ಯಮದಲ್ಲಿ ಸಲ್ಲದು. ಹೊಸ ಘಟಕಗಳ ಕೊಳವೆಗಳು ಇನ್ನೂ ಕೈಗಾದ ಗುಮ್ಮಟದೊಳಗೆ ಸೇರಿಲ್ಲ. ಕರಾರುಗಳನ್ನು ಬಿಗಿಮಾಡಿ ಪರೀಕ್ಷೆಯ ಏರ್ಪಾಡು ನಡೆಸಲು ಸಮಯವು ಇದೇ.